ಅಕ್ಷರ ಅಳಿಸದ ಗುಜರಿ ಅಂಗಡಿ

ಗುಜರಿ ಅಂಗಡಿಯ ಬಗ್ಗೆಯೂ ವಿಮರ್ಶೆ ಬರೆಯುತ್ತೀರಾ ಎಂದು ಮನೆಯಲ್ಲಿ ನಕ್ಕರು. ದಾವಣಗೆರೆಯ ಬೆಣ್ಣೆ ದೋಸೆಯ ಬಗ್ಗೆ ಬರೆಯದವರು ಯಾರೂ ಉಳಿದಿಲ್ಲ. ಕಾವಲಿಯಿಂದ ತಟ್ಟೆಗೆ ಬಂದು ಬೆಣ್ಣೆ ಕರಗುವಷ್ಟರಲ್ಲಿ ಚಿತ್ರ ತೆಗೆದು ಐದು ನಕ್ಷತ್ರ ಕೊಟ್ಟಿರುತ್ತಾರೆ. ಆರು ವರ್ಷಗಳಿಂದ ನನ್ನ ಪಿಂಚಣಿಯಲ್ಲಿ ಒಂದು ಪಾಲು ನುಂಗುತ್ತಿರುವ ಅಂಗಡಿಯ ಬಗ್ಗೆ ನಾನು ನಾಲ್ಕು ಮಾತು ಬರೆದರೆ ತಪ್ಪೇನು?

ಅಂಗಡಿಗೆ ಬೋರ್ಡ್ ಇಲ್ಲ. ಹಳೆಯ ಊರಿನೊಳಗೆ, ಮಂಡಿಪೇಟೆಯ ಗದ್ದಲ ಕಿವಿಗೆ ಬೀಳುವಷ್ಟು ದೂರದಲ್ಲಿ, ಒಂದು ಗೂಡ್ಸ್ ಆಟೊ ಒಳಗೆ ಬಂದರೆ ಎದುರಿನ ಬೈಕಿನವರು ಗೊಣಗುತ್ತ ಹಿಂದಕ್ಕೆ ಸರಿಯಬೇಕಾದ ಓಣಿಯಲ್ಲಿದೆ. ಮುಂದೆ ತಗಡಿನ ಚಪ್ಪರ, ಅದರ ಕೆಳಗೆ ಹಳೆಯ ಸೈಕಲ್ಲು, ಸಿಂಟೆಕ್ಸ್ ಟ್ಯಾಂಕು, ಫ್ರಿಜ್ಜಿನ ಬಾಗಿಲು. ಇಷ್ಟನ್ನು ನೋಡಿ ವಾಪಸು ಹೋಗುವವರೇ ಹೆಚ್ಚು. ಒಳಗೆ ಉದ್ದನೆಯ ಕತ್ತಲೆಯ ಕೊಠಡಿ ಒಂದಿದೆ, ಅದರ ಹಿಂದೆ ಬಯಲು ಹಿತ್ತಿಲು. ನಮ್ಮಂಥವರ ಸ್ವರ್ಗವೂ ನರಕವೂ ಆ ಹಿತ್ತಿಲಿನಲ್ಲೇ ಇದೆ. ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತದೆ. ಬೇರೆ ದಿನ ಬೆಳಿಗ್ಗೆ ಹತ್ತಕ್ಕೆ ಮೊದಲು ಹೋದರೆ ಮಾಲು ಇಳಿಸುವ ಗಡಿಬಿಡಿಯಲ್ಲಿ ಯಾರೂ ಮಾತಾಡಿಸುವುದಿಲ್ಲ.

ನಾನು ಸೇರಿಸುವುದು ಸ್ಕಾಟ್ಲೆಂಡಿನ ಕಾರ್ಖಾನೆಗಳಲ್ಲಿ ತಯಾರಾದ ಕಬ್ಬಿಣ, ಹಿತ್ತಾಳೆಯ ಸಾಮಾನುಗಳನ್ನು ಮಾತ್ರ. ಹಳೆಯದಾದ ಮಾತ್ರಕ್ಕೆ ಯಾವುದನ್ನೂ ತರುವುದಿಲ್ಲ. ವಾಲ್ವ್, ಹೊಲಿಗೆ ಯಂತ್ರ, ಹೆಸರುಫಲಕ, ಯಂತ್ರ ತಿರುಗಿಸುವ ಪಟ್ಟೆಯ (ಬೆಲ್ಟಿನ) ತುಂಡು, ದಾರದ ಮರದ ಉರುಳೆ, ಏನಾದರೂ ಸರಿ. ಮೈಮೇಲೆ ಗ್ಲಾಸ್ಗೋ, ಕಿಲ್ಮಾರ್ನಾಕ್, ಪೇಸ್ಲಿ, ಕ್ಲೈಡ್‌ಬ್ಯಾಂಕ್ ಎಂದು ಯಾವುದಾದರೂ ಊರಿನ ಹೆಸರು ಇರಬೇಕು. ಸ್ಕಾಟ್ಲೆಂಡ್ ನಾನು ನೋಡಿಲ್ಲ, ನೋಡುವ ಆಸೆಯೂ ಅಷ್ಟಾಗಿ ಇಲ್ಲ. ಆ ದೇಶವೇ ತುಂಡು ತುಂಡಾಗಿ ನಮ್ಮೂರಿನ ಗುಜರಿಗೆ ಬಂದು ಬಿದ್ದಿರುವಾಗ ವೀಸಾ ಏಕೆ?

ಹುಚ್ಚು ಶುರುವಾದದ್ದು ಚಪ್ಪಲಿಯಿಂದ. ನನ್ನ ತಂದೆ ಇಲ್ಲಿನ ಹತ್ತಿ ಗಿರಣಿಯೊಂದರಲ್ಲಿ ಪಟ್ಟೆ ಜೋಡಿಸುವ ವಿಭಾಗದಲ್ಲಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ. ಸವೆದು ತೆಗೆದುಹಾಕಿದ ಯಂತ್ರದ ಪಟ್ಟೆಯ ತುಂಡುಗಳನ್ನು ಕಾರ್ಮಿಕರು ಮನೆಗೆ ತರುತ್ತಿದ್ದರು. ಮೋಚಿಯವರ ಕೈಗೆ ಕೊಟ್ಟರೆ ಅದೇ ಅಟ್ಟೆಯಾಗುತ್ತಿತ್ತು. ನನ್ನ ಐದನೆಯ ತರಗತಿಯ ಚಪ್ಪಲಿಯ ಅಟ್ಟೆಯ ಮೇಲೆ ಅರ್ಧ ಅಳಿಸಿದ ಇಂಗ್ಲಿಷ್ ಅಕ್ಷರಗಳಿದ್ದವು: ಡಿಕ್ಸ್ ಬಲಾಟಾ. ಕೆಸರಿನಲ್ಲಿ ನಡೆದರೆ ಹೆಜ್ಜೆಯಲ್ಲಿ ಅಕ್ಷರ ಮೂಡಬಹುದೆಂದು ನೋಡುತ್ತಿದ್ದೆ, ಮೂಡುತ್ತಿರಲಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಟಾರು ರಸ್ತೆಯ ಮೇಲೆ ನಡೆದರೆ ಅಟ್ಟೆ ಮೆತ್ತಗಾಗಿ ಕಾಲಿಗೆ ಅಂಟಿದಂತೆ ಆಗುತ್ತಿತ್ತು. ಅದಕ್ಕೆ ಕಾರಣ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಬಲಾಟಾ ಎನ್ನುವುದು ದಕ್ಷಿಣ ಅಮೆರಿಕದ ಒಂದು ಮರದ ಹಾಲು. ದಪ್ಪ ಹತ್ತಿ ಬಟ್ಟೆಯನ್ನು ಅದರಲ್ಲಿ ನೆನೆಸಿ, ಪದರ ಪದರವಾಗಿ ಒತ್ತಿ ಪಟ್ಟೆ ಮಾಡುತ್ತಿದ್ದರು. ಎಳೆತಕ್ಕೆ ಗಟ್ಟಿ, ತೇವಕ್ಕೆ ಜಗ್ಗುವುದಿಲ್ಲ, ಆದರೆ ಬಿಸಿ ಏರಿದರೆ ಮೆತ್ತಗಾಗುತ್ತದೆ.

ಈ ಪಟ್ಟೆ ಮಾಡಿದವರು ಗ್ಲಾಸ್ಗೋದ ಆರ್. ಅಂಡ್ ಜೆ. ಡಿಕ್ ಕಂಪನಿ. ರಾಬರ್ಟ್ ಮತ್ತು ಜೇಮ್ಸ್ ಡಿಕ್ ಎಂಬ ಅಣ್ಣತಮ್ಮಂದಿರು. ಅವರು ಯಂತ್ರದ ಪಟ್ಟೆಗೆ ಕೈಹಾಕಿದ್ದು 1880ರ ದಶಕದಲ್ಲಿ. ಅದಕ್ಕೆ ಮೊದಲು, 1840ರ ದಶಕದಿಂದಲೇ, ಅವರು ಮಾಡುತ್ತಿದ್ದದ್ದು ಗಟ್ಟಾಪರ್ಚಾ ಎಂಬ ಇನ್ನೊಂದು ಮರದ ಹಾಲಿನಿಂದ ಬಡವರಿಗಾಗಿ ಅಗ್ಗದ ಪಾದರಕ್ಷೆ! ಪಾದರಕ್ಷೆಯಿಂದ ಶುರುವಾದ ಕಂಪನಿಯ ಪಟ್ಟೆ ಸಮುದ್ರ ದಾಟಿ, ದಾವಣಗೆರೆಯ ಗಿರಣಿಯಲ್ಲಿ ಸವೆದು, ಮತ್ತೆ ಪಾದರಕ್ಷೆಯಾಗಿ ನನ್ನ ಕಾಲಿಗೆ ಬಂದಿತ್ತು. ಇದು ತಿಳಿದ ದಿನ ನಾನು ಪಾಲಿಟೆಕ್ನಿಕ್‌ನಲ್ಲಿ ಹುಡುಗರಿಗೆ ಎರಕದ ಪಾಠ ಮಾಡುತ್ತಿದ್ದೆ. ಪಾಠ ಬಿಟ್ಟು ಇಡೀ ತರಗತಿಗೆ ಚಪ್ಪಲಿಯ ಕಥೆ ಹೇಳಿದೆ. ಚಪ್ಪಲಿ ಮಾತ್ರ ನನ್ನ ಬಳಿ ಉಳಿದಿಲ್ಲ. ಅಂಥ ಒಂದು ಪಟ್ಟೆಯ ತುಂಡನ್ನು ಹುಡುಕಿಕೊಂಡು ಹೋದಾಗಲೇ ಈ ಅಂಗಡಿ ಸಿಕ್ಕಿದ್ದು.

ಅಂಗಡಿಯ ಯಜಮಾನರಿಗೆ ಎಪ್ಪತ್ತರ ಆಸುಪಾಸು. ನನ್ನನ್ನು ಮೇಷ್ಟ್ರೇ ಎನ್ನುತ್ತಾರೆ, ನಾನು ಯಜಮಾನರೇ ಎನ್ನುತ್ತೇನೆ. ಕನ್ನಡ ಓದುತ್ತಾರೆ, ಉರ್ದು ಬರೆಯುತ್ತಾರೆ, ಇಂಗ್ಲಿಷ್ ಬಾರದು. ಈ ಬಾರದ ಇಂಗ್ಲಿಷೇ ಮೊದಲ ಎರಡು ವರ್ಷ ನನ್ನ ಲಾಭವಾಗಿತ್ತು ಎಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಅವರಿಗೆ ಎಲ್ಲವೂ ತೂಕ. ಬೀಡಿಗೆ, ಅಂದರೆ ಎರಕದ ಕಬ್ಬಿಣಕ್ಕೆ, ಒಂದು ದರ, ತಾಮ್ರಕ್ಕೆ ಒಂದು ದರ, ಹಿತ್ತಾಳೆಗೆ ಒಂದು ದರ. ಕಾಟಾ ಸರಿಯಾಗಿದೆ, ಮನೆಗೆ ಬಂದು ಮತ್ತೆ ತೂಗಿ ನೋಡಿದ್ದೇನೆ, ನೂರು ಗ್ರಾಂ ಕೂಡ ಹೆಚ್ಚುಕಡಿಮೆ ಬಂದಿಲ್ಲ.

ಈ ಅಂಗಡಿಗೆ ನಾನು ಕೊಡುವ ದೊಡ್ಡ ಅಂಕ ಬೇರೆಯದೇ ವಿಷಯಕ್ಕೆ. ಇಲ್ಲಿ ಯಾವುದನ್ನೂ ತಿಕ್ಕುವುದಿಲ್ಲ. ಬೆಂಗಳೂರಿನಲ್ಲಿ ಹಳೆಯ ವಸ್ತು ಮಾರುವ ಅಂಗಡಿಗಳನ್ನು ನೋಡಿದ್ದೇನೆ. ಹಿತ್ತಾಳೆಗೆ ಆಸಿಡ್, ಬೀಡಿಗೆ ಗ್ರೈಂಡರ್, ಆಮೇಲೆ ಕಪ್ಪು ಬಣ್ಣ, ಅದರ ಮೇಲೆ ಅಕ್ಷರಗಳಿಗೆ ಬಂಗಾರದ ಬಣ್ಣ. ಮದುವೆಗೆ ನಿಂತ ಮುದುಕನ ಹಾಗೆ ಕಾಣುತ್ತದೆ. ಗ್ರೈಂಡರ್ ಹಚ್ಚಿದ ಎರಕದ ಮೇಲಿನ ಅಕ್ಷರದ ಅಂಚು ಉರುಟಾಗುತ್ತದೆ. ಮರದ ಮಾದರಿಯ ಮೇಲೆ ಒಂದೊಂದಾಗಿ ಕೂರಿಸಿದ ಅಕ್ಷರ ಮರಳಿನಲ್ಲಿ ಮೂಡಿ, ಅದರಲ್ಲಿ ಬೀಡು ತುಂಬಿ ಬಂದಾಗ ಅಂಚಿನಲ್ಲಿ ಒಂದು ಸಣ್ಣ ಇಳಿಜಾರು ಉಳಿಯುತ್ತದೆ. ಮಾದರಿಯನ್ನು ಮರಳಿನಿಂದ ಎತ್ತುವಾಗ ಅಚ್ಚು ಒಡೆಯದಿರಲಿ ಎಂದು ಕೊಟ್ಟ ಇಳಿಜಾರು ಅದು. ಅಸಲಿ ಅಕ್ಷರವನ್ನು ನಾನು ಮೊದಲು ಗುರುತು ಹಿಡಿಯುವುದು ಬೆರಳ ತುದಿಯಿಂದ, ಕಣ್ಣಿನಿಂದಲ್ಲ. ತಿಕ್ಕಿದ ಮೇಲೆ ಅದು ಹೋಯಿತು. ಈ ಯಜಮಾನರು ತಿಕ್ಕದಿರುವುದಕ್ಕೆ ಪರಂಪರೆಯ ಮೇಲಿನ ಪ್ರೀತಿ ಕಾರಣವಲ್ಲ. ತಿಕ್ಕುವ ಹುಡುಗನಿಗೆ ದಿನಕ್ಕೆ ಎಂಟುನೂರು ರೂಪಾಯಿ ಯಾರು ಕೊಡುತ್ತಾರೆ ಎಂಬ ಲೆಕ್ಕ. ಲೆಕ್ಕ ಯಾವುದಾದರೇನು, ಅಕ್ಷರ ಉಳಿದಿದೆ.

ಒಂದು ಉದಾಹರಣೆ ಹೇಳುತ್ತೇನೆ. ಮೂರು ವರ್ಷಗಳ ಹಿಂದೆ ಹಿತ್ತಿಲಿನಲ್ಲಿ ಮಳೆ ನಿಲ್ಲಲೆಂದು ಕಾಯುತ್ತ ಒಂದು ಕಬ್ಬಿಣದ ಮುದ್ದೆಯ ಮೇಲೆ ಕುಳಿತಿದ್ದೆ. ತೊಡೆಗೆ ಏನೋ ಒತ್ತಿತು. ಎದ್ದು ನೋಡಿದರೆ ತುಕ್ಕಿನ ಅಡಿಯಲ್ಲಿ ಉಬ್ಬು. ಜೇಬಿನಲ್ಲಿ ಸೀಮೆಸುಣ್ಣ ಯಾವಾಗಲೂ ಇರುತ್ತದೆ, ಮೂವತ್ತು ವರ್ಷದ ಅಭ್ಯಾಸ. ಸೀಮೆಸುಣ್ಣವನ್ನು ಅಡ್ಡ ಹಿಡಿದು ಮೆಲ್ಲನೆ ಉಜ್ಜಿದೆ. ಉಬ್ಬಿದ್ದು ಬೆಳ್ಳಗಾಯಿತು, ತಗ್ಗು ಕೆಂಪಾಗಿಯೇ ಉಳಿಯಿತು. ಮೊದಲು ಕಂಡದ್ದು ಇಂಗ್ಲಿಷಿನ ಕೊನೆಯ ನಾಲ್ಕು ಅಕ್ಷರ: ನಾಕ್ (NOCK). ಆಮೇಲೆ ಒಂದೊಂದಾಗಿ ಎಡಕ್ಕೆ ಹೋದೆ. ಗ್ಲೆನ್‌ಫೀಲ್ಡ್ ಅಂಡ್ ಕೆನಡಿ ಲಿಮಿಟೆಡ್, ಕಿಲ್ಮಾರ್ನಾಕ್. ನೀರಿನ ಕೊಳವೆಗೆ ಹಾಕುವ ನಾಲ್ಕು ಅಂಗುಲದ ಸ್ಲೂಸ್ ವಾಲ್ವಿನ ಒಡಲು ಅದು. ಮಳೆ ನಿಂತದ್ದು ನನಗೆ ಗೊತ್ತಾಗಲಿಲ್ಲ.

ಕಿಲ್ಮಾರ್ನಾಕ್ ಎಂದರೆ ನಮ್ಮ ಕಡೆ ಕೆಲವರಿಗೆ ಬಾಟಲಿಯ ಮೂಲಕ ಪರಿಚಯ. ಜಾನಿ ವಾಕರ್ ಹುಟ್ಟಿದ್ದು ಆ ಊರಿನ ಒಂದು ದಿನಸಿ ಅಂಗಡಿಯಲ್ಲಿ. ನನಗೆ ಆ ಊರು ಬೇಕಾದದ್ದು ನೀರಿನ ದೆಸೆಯಿಂದ. ಅಲ್ಲಿನ ಥಾಮಸ್ ಕೆನಡಿ 1852ರಲ್ಲಿ ನೀರು ಅಳೆಯುವ ಮೀಟರಿಗೆ ಪೇಟೆಂಟ್ ಪಡೆದ. ಆ ಮೀಟರು ತಯಾರಿಸಲು ಹುಟ್ಟಿದ ಉದ್ಯಮವೇ ಬೆಳೆದು, 1899ರಲ್ಲಿ ಎರಡು ಕಂಪನಿಗಳು ಒಂದಾಗಿ ಗ್ಲೆನ್‌ಫೀಲ್ಡ್ ಅಂಡ್ ಕೆನಡಿ ಆಯಿತು. ಬ್ರಿಟಿಷ್ ಸಾಮ್ರಾಜ್ಯ ಹರಡಿದ್ದ ಕಡೆಯೆಲ್ಲ ಅವರ ವಾಲ್ವು, ಹೈಡ್ರಂಟುಗಳು ಹೋದವು. ಇನ್ನೊಂದು ಮಾತು: ನನ್ನ ಚಪ್ಪಲಿಯ ಜೇಮ್ಸ್ ಡಿಕ್ ಹುಟ್ಟಿದ್ದೂ ಕಿಲ್ಮಾರ್ನಾಕ್‌ನಲ್ಲೇ. ಆ ಊರಿಗೆ ಅವನ ಹಣದಿಂದ ಕಟ್ಟಿಸಿದ ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯ 1901ರಲ್ಲಿ ತೆರೆಯಿತು. ಈಗಲೂ ಡಿಕ್ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಆ ವಾಲ್ವು 46 ಕಿಲೊ ತೂಗಿತು. ಕಿಲೊಗೆ 45 ರೂಪಾಯಿಯಂತೆ 2,070 ರೂಪಾಯಿ. ಯಜಮಾನರು ಎಪ್ಪತ್ತು ಬಿಟ್ಟರು. ಆಟೊದವನಿಗೆ ಮುನ್ನೂರು. ಇದನ್ನು ಎಲ್ಲಿಂದ ತಂದಿರಿ ಎಂದು ಕೇಳಿದೆ. ಹರಿಹರದ ಕಡೆ ಒಂದು ಹಳೆಯ ಅಕ್ಕಿ ಗಿರಣಿಯ ಹಿತ್ತಿಲು ಖಾಲಿ ಮಾಡಿದಾಗ ಬಂತು ಎಂದರು. ಎಲ್ಲಿಂದ ಬಂತೆಂದು ಕೇಳಿದರೆ ಮುಚ್ಚುಮರೆ ಮಾಡದಿರುವುದು ಈ ಅಂಗಡಿಯ ಎರಡನೆಯ ಗುಣ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಾರೆ.

ಆದರೆ ಒಂದು ಎಚ್ಚರಿಕೆ. ನನಗೆ ಸ್ಕಾಟ್ಲೆಂಡಿನದು ಬೇಕು ಎಂದು ತಿಳಿದ ದಿನದಿಂದ ಅಂಗಡಿಯಲ್ಲಿ ಎಲ್ಲವೂ ಸ್ಕಾಟ್ಲೆಂಡಿನದೇ ಆಗಿಬಿಟ್ಟಿತು. ಯಜಮಾನರ ಮಗ ಲಿಸ್ಟರ್ ಡೀಸೆಲ್ ಎಂಜಿನ್ ತೋರಿಸಿ ಇದು ಸ್ಕಾಟ್ಲೆಂಡ್ ಸರ್ ಎಂದ. ಅಲ್ಲಪ್ಪ, ಲಿಸ್ಟರ್ ಇಂಗ್ಲೆಂಡಿನ ಡರ್ಸ್ಲಿಯದು. ಏವರಿ ತಕ್ಕಡಿ ತೋರಿಸಿದ, ಅದು ಬರ್ಮಿಂಗ್‌ಹ್ಯಾಮ್. ಗಿರಣಿಯ ನೂಲುವ ಯಂತ್ರದ ಒಂದು ಫಲಕ ತಂದ. ಪ್ಲಾಟ್ ಬ್ರದರ್ಸ್, ಓಲ್ಡ್‌ಹ್ಯಾಮ್. ನಮ್ಮ ಗಿರಣಿಗಳ ಯಂತ್ರಗಳ ಮೇಲೆ ಇಂಗ್ಲೆಂಡಿನ ಲ್ಯಾಂಕಷೈರಿನ ಹೆಸರುಗಳೇ ಹೆಚ್ಚು. ಸ್ಕಾಟ್ಲೆಂಡಿನದು ಸುತ್ತಲಿನ ಸಾಮಾನು: ಪಟ್ಟೆ, ವಾಲ್ವು, ಬಾಯ್ಲರಿನ ಪಂಪು. ಹುಡುಗ ನೊಂದುಕೊಂಡು, ಎಲ್ಲವೂ ಬಿಳಿಯರದೇ ತಾನೇ ಸರ್ ಎಂದ. ಅವನಿಗೆ ಏನು ಹೇಳಲಿ? ಸ್ಕಾಟ್ಲೆಂಡಿನವರ ಎದುರು ಈ ಮಾತು ಆಡಬೇಡ ಎಂದಷ್ಟೇ ಹೇಳಿದೆ.

ಹೊಲಿಗೆ ಯಂತ್ರ ಕೊಳ್ಳುವವರಿಗೆ ಈ ಅಂಗಡಿ ಚಿನ್ನದ ಗಣಿ. ಟೈಲರುಗಳು ಮೋಟಾರು ಯಂತ್ರಕ್ಕೆ ಬದಲಾದಂತೆಲ್ಲ ಹಳೆಯ ಸಿಂಗರ್‌ಗಳು ಇಲ್ಲಿಗೆ ಬರುತ್ತವೆ. ಒಮ್ಮೆಗೆ ಎಂಟು ಹತ್ತು ಸಾಲಾಗಿ ಇದ್ದದ್ದು ನೋಡಿದ್ದೇನೆ, ಕರಿಯ ಬೆಕ್ಕುಗಳು ಕುಳಿತ ಹಾಗೆ. ಮೊದಲು ನೋಡಬೇಕಾದದ್ದು ಬಲಬದಿಯ ಕೆಳಗೆ, ತಳಪಾಯದ ಮೇಲೆ ಒತ್ತಿದ ಸಂಖ್ಯೆ. ನಾನು ತಂದದ್ದರ ಸಂಖ್ಯೆ ವೈ ಅಕ್ಷರದಿಂದ ಶುರುವಾಗುತ್ತದೆ. ವೈ ಎಂದರೆ ಕ್ಲೈಡ್‌ಬ್ಯಾಂಕಿನ ಕಿಲ್ಬೌವಿ ಕಾರ್ಖಾನೆ, 1920ರ ದಶಕದಿಂದ 30ರ ದಶಕದ ನಡುಭಾಗದವರೆಗಿನ ಅವಧಿ. ಮಾದರಿ 28ಕೆ. ಆ ಕೆ ಕೂಡ ಕಿಲ್ಬೌವಿಯದೇ ಗುರುತು. ಸಿಂಗರ್ ಮೂಲತಃ ಅಮೆರಿಕದ ಕಂಪನಿ ಎಂದು ಮೂಗು ಮುರಿಯುವ ಸಂಗ್ರಾಹಕರಿದ್ದಾರೆ. ಇರಲಿ. ಎರಕ ಹೊಯ್ದದ್ದು, ಜೋಡಿಸಿದ್ದು ಕ್ಲೈಡ್ ನದಿಯ ದಂಡೆಯ ಜನ. 1880ರ ದಶಕದಲ್ಲಿ ಎದ್ದ ಆ ಕಾರ್ಖಾನೆ 1913ರಲ್ಲಿ ಒಂದೇ ವರ್ಷಕ್ಕೆ 13 ಲಕ್ಷದಷ್ಟು ಯಂತ್ರ ಕಳಿಸಿತು. ಅದರ ಗೋಪುರದ ಗಡಿಯಾರಕ್ಕೆ ನಾಲ್ಕು ಮುಖ, ಒಂದೊಂದರ ಅಡ್ಡಳತೆ 26 ಅಡಿ. ಗೋಪುರವನ್ನು 1963ರಲ್ಲಿ ಕೆಡವಿದರು, ಕಾರ್ಖಾನೆ 1980ರಲ್ಲಿ ಮುಚ್ಚಿತು. ರೈಲು ನಿಲ್ದಾಣದ ಹೆಸರು ಮಾತ್ರ ಇಂದಿಗೂ ಸಿಂಗರ್.

ನನ್ನ 28ಕೆ ಕೈಯಿಂದ ತಿರುಗಿಸುವ ಯಂತ್ರ. ಅಂಗಡಿಯಲ್ಲಿ ಕಂಡಾಗ ಚಕ್ರ ಅಲ್ಲಾಡುತ್ತಿರಲಿಲ್ಲ. ಮಗ ಕೈಗೆ ಸುತ್ತಿಗೆ ತೆಗೆದುಕೊಂಡ. ಬೇಡ ಮಾರಾಯ ಎಂದು ಕೂಗಿ ಯಂತ್ರವನ್ನು ತಬ್ಬಿಕೊಂಡೆ. ಸೀಮೆಎಣ್ಣೆ ನಾಲ್ಕು ಹನಿ, ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ, ಮೂರು ದಿನ ಕಾಯುವುದು, ಇಷ್ಟೇ ಮದ್ದು. ಒಣಗಿ ಅಂಟಾದ ಹಳೆಯ ಎಣ್ಣೆಯಿಂದ ಹಿಡಿದುಕೊಂಡಿರುತ್ತದೆ ಹೊರತು ಯಂತ್ರ ಸತ್ತಿರುವುದಿಲ್ಲ. ನಾಲ್ಕನೆಯ ದಿನ ಸುತ್ತಿತು. ಇದರೊಳಗೆ ಕೆಳದಾರ ಹೊತ್ತು ಓಡಾಡುವ ಶಟಲ್ ಈಗಿನ ಯಂತ್ರಗಳ ಹಾಗೆ ದುಂಡಗಿಲ್ಲ. ಬೆರಳಷ್ಟು ಉದ್ದದ ಉಕ್ಕಿನ ದೋಣಿ, ಒಂದು ಕಡೆ ಚೂಪು. ನೇಕಾರರ ಲಾಳಿಯನ್ನು ನೋಡಿದವರಿಗೆ ಇದು ಅದರ ಮೊಮ್ಮಗಳು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಸೂಜಿ ಕೆಳಗಿಳಿದು ದಾರದ ಕುಣಿಕೆ ಬಿಚ್ಚಿದ ಕ್ಷಣದಲ್ಲಿ ಈ ದೋಣಿ ಕಮಾನಿನಂತೆ ತೂಗಿ ಬಂದು ಕುಣಿಕೆಯೊಳಗೆ ನುಗ್ಗಿ ಹೋಗುತ್ತದೆ. ಹಿತ್ತಾಳೆಯ ಜಾರು ತಟ್ಟೆ ಸರಿಸಿ, ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ ನೋಡಿದರೆ ಹತ್ತು ನಿಮಿಷ ಹೋದದ್ದು ಗೊತ್ತಾಗುವುದಿಲ್ಲ. ಸೂಜಿ ಈಗಲೂ ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಮನೆಬಳಕೆಯ ಸೂಜಿಯೇ. ನನ್ನ ಮೊಮ್ಮಗಳ ಗೊಂಬೆಯ ಲಂಗ ಇದರಲ್ಲೇ ಹೊಲಿದದ್ದು.

ಯಂತ್ರಕ್ಕೆ 2,800 ಕೊಟ್ಟೆ. ಶಟಲ್ ಇರಲಿಲ್ಲ. ಅದು ಇಲ್ಲದೆ ಯಂತ್ರ ಬರೀ ಬೀಡು. ಮಾರುವಾಗ ಇದನ್ನು ಹೇಳಬೇಕಿತ್ತು, ಹೇಳಲಿಲ್ಲ. ಇಲ್ಲಿ ಒಂದು ಅಂಕ ಕಳೆಯುತ್ತೇನೆ. ಒಂದು ವಾರದ ಮೇಲೆ ಹೋಗಿ ಕೇಳಿದಾಗ ಯಜಮಾನರು ಒಂದು ಡಾಲ್ಡಾ ಡಬ್ಬಿ ಮುಂದಿಟ್ಟು ಹುಡುಕಿಕೊಳ್ಳಿ ಎಂದರು. ನಟ್ಟು, ಬೋಲ್ಟು, ಬಾಬಿನ್ನು, ಒಂದು ಹಲ್ಲಿನ ಸೆಟ್ಟು, ಅವುಗಳ ನಡುವೆ ನಾಲ್ಕು ಶಟಲ್. ಮೂರನೆಯದು ಕೂತಿತು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಕಳೆದ ಅಂಕದಲ್ಲಿ ಅರ್ಧ ವಾಪಸು ಕೊಟ್ಟಿದ್ದೇನೆ.

ಇನ್ನು ಕೊಠಡಿಯೊಳಗಿನ ಗಾಜಿನ ಕಪಾಟು. ಅದರಲ್ಲಿ ಮಿರಿಮಿರಿ ಮಿನುಗುವ ಹಿತ್ತಾಳೆಯ ದೂರದರ್ಶಕ, ದಿಕ್ಸೂಚಿ, ಹಡಗಿನವರು ಸೂರ್ಯನ ಎತ್ತರ ಅಳೆಯುವ ಸೆಕ್ಸ್‌ಟಂಟ್. ಇಡೀ ಅಂಗಡಿಯಲ್ಲಿ ಹೊಳೆಯುವ ವಸ್ತುಗಳು ಇವಿಷ್ಟೇ, ಇವು ಹೊಸದಾಗಿ ಮಾಡಿದ ನಕಲು ಎಂದು ಹೊಳಪೇ ಚಾಡಿ ಹೇಳುತ್ತದೆ. ಸೆಕ್ಸ್‌ಟಂಟಿನ ಮೇಲೆ ಕೆಲ್ವಿನ್ ಅಂಡ್ ಹ್ಯೂಸ್, ಲಂಡನ್, 1917 ಎಂದು ಕೆತ್ತಿತ್ತು. ಗ್ಲಾಸ್ಗೋದ ವಿಜ್ಞಾನಿ ಲಾರ್ಡ್ ಕೆಲ್ವಿನ್ ಉಪಕರಣ ತಯಾರಕ ಜೇಮ್ಸ್ ವೈಟ್ ಜೊತೆ ಸೇರಿ ಹಡಗಿನ ದಿಕ್ಸೂಚಿ ಮಾಡಿಸಿದ್ದು ನಿಜ. ಅಲ್ಲಿಂದ ಬೆಳೆದ ಕಂಪನಿ ಲಂಡನ್ನಿನ ಹ್ಯೂಸ್ ಜೊತೆ ಒಂದಾದದ್ದು 1947ರಲ್ಲಿ. ಮದುವೆಗೆ ಮೂವತ್ತು ವರ್ಷ ಮೊದಲೇ ಮಗು ಹುಟ್ಟಿತೇ ಎಂದು ನಾನು ಯಜಮಾನರನ್ನು ಕೇಳಿದೆ. ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ‘ಗೊತ್ತಿದೆ ಮೇಷ್ಟ್ರೇ. ಅದು ನಿಮಗಲ್ಲ, ಹೊಸ ಹೋಟೆಲು ಕಟ್ಟುವವರಿಗೆ, ಗೋಡೆಗೆ ಹಾಕಲು. ಹಳೆಯದೆಂದು ನಾನು ಯಾರಿಗೂ ಹೇಳುವುದಿಲ್ಲ; ಅವರು ಕೇಳುವುದೂ ಇಲ್ಲ’ ಎಂದರು. ಇದನ್ನು ಪ್ರಾಮಾಣಿಕತೆ ಎನ್ನಬೇಕೋ ಬೇಡವೋ ನೀವೇ ನಿರ್ಧರಿಸಿ. ನಾನಂತೂ ಆ ಕಪಾಟಿನ ಕಡೆ ನೋಡುವುದನ್ನೇ ಬಿಟ್ಟಿದ್ದೇನೆ.

ಹೋದ ವರ್ಷ ಒಂದು ಕಟಾಂಜನ ಬಂದಿತ್ತು, ಬೀಡಿನದು, ಬಳ್ಳಿ ಹೂವಿನ ಕೆಲಸ, ಎದೆಯೆತ್ತರ. ಬೆಲೆ 18,000. ಲಾಲ್‌ಬಾಗಿನ ಗಾಜಿನ ಮನೆಯವರದ್ದೇ ಕೆಲಸ ಎಂದು ಮಗ ಹೇಳಿದ. ಅವನಿಗೆ ಇದನ್ನು ಹೇಳಿಕೊಟ್ಟವನು ನಾನೇ, ತಪ್ಪು ನನ್ನದು. 1889ರಲ್ಲಿ ಶಂಕುಸ್ಥಾಪನೆಯಾದ ಲಾಲ್‌ಬಾಗಿನ ಗಾಜಿನ ಮನೆಯ ಕಬ್ಬಿಣ ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸಾರಸೆನ್ ಫೌಂಡ್ರಿಯಲ್ಲಿ ಎರಕವಾದದ್ದು. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಕಂಬಗಳೂ ಅಲ್ಲಿಯವೇ. ಅವರ ಬಳಿ ದಪ್ಪನೆಯ ಕ್ಯಾಟಲಾಗ್ ಇತ್ತು. ಕಂಬ, ಕಮಾನು, ಕಾರಂಜಿ, ಕಟಾಂಜನ, ಒಂದೊಂದಕ್ಕೂ ಸಂಖ್ಯೆ. ಸಂಖ್ಯೆ ಬರೆದು ಕಳಿಸಿದರೆ ಹಡಗಿನಲ್ಲಿ ಮಾಲು ಬರುತ್ತಿತ್ತು. ನಮ್ಮ ಕುಂದುವಾಡ ಕೆರೆಯ ಹತ್ತಿರದ ಗಾಜಿನ ಮನೆ ಲಾಲ್‌ಬಾಗಿನದನ್ನು ನೋಡಿ ಕಟ್ಟಿದ್ದು. ಆ ಲೆಕ್ಕದಲ್ಲಿ ಗ್ಲಾಸ್ಗೋದ ನೆರಳು ದಾವಣಗೆರೆಯ ಕೆರೆಯ ಮೇಲೂ ಬಿದ್ದಿದೆ. ಆದರೆ ಆ ಕಟಾಂಜನದ ನಾಲ್ಕೂ ಬದಿ ಸೀಮೆಸುಣ್ಣ ಹಚ್ಚಿ ಹುಡುಕಿದೆ, ಒಂದು ಅಕ್ಷರವಿಲ್ಲ, ಸಂಖ್ಯೆಯಿಲ್ಲ. ಚೆಲುವಾಗಿತ್ತು. ಬಿಟ್ಟು ಬಂದೆ. ಅಕ್ಷರವಿಲ್ಲದ್ದನ್ನು ಅಂದಾಜಿನ ಮೇಲೆ ತಂದರೆ ಇಡೀ ಸಂಗ್ರಹವೇ ಅಂದಾಜಾಗುತ್ತದೆ. ರಾಣೆಬೆನ್ನೂರಿನ ಯಾರೋ ಮನೆಯ ತಾರಸಿಗೆ ಒಯ್ದರಂತೆ.

ಈಗ ದೂರು. ಹಿತ್ತಿಲಿನ ಒಂದು ಮೂಲೆಯಲ್ಲಿ ಗ್ಯಾಸ್ ಕಟರ್ ಇದೆ. ಲಾರಿಗೆ ಹಿಡಿಸದ ಮಾಲನ್ನು ತುಂಡು ಮಾಡುವುದು ಅವರ ದಂಧೆಯ ನಿತ್ಯದ ಕೆಲಸ, ನನಗೆ ಅರ್ಥವಾಗುತ್ತದೆ. ಆದರೂ ಎರಡು ವರ್ಷಗಳ ಹಿಂದೆ ಒಂದು ಬಾಯ್ಲರ್ ಪಂಪನ್ನು ಸೋಮವಾರ ಬಂದು ಒಯ್ಯುತ್ತೇನೆ ಎಂದು ಹೇಳಿ, ಐನೂರು ಮುಂಗಡ ಕೊಟ್ಟು ಹೋಗಿದ್ದೆ. ಗ್ಲಾಸ್ಗೋದ ಕ್ಯಾತ್‌ಕಾರ್ಟಿನ ವೀರ್ ಕಂಪನಿಯದು, ಹೆಸರುಫಲಕ ಸಮೇತ. ಹಡಗಿನ ಬಾಯ್ಲರುಗಳಿಗೆ ನೀರು ಉಣಿಸುವ ಪಂಪಿನಿಂದಲೇ ಹೆಸರು ಮಾಡಿದವರು. ಸೋಮವಾರ ಬಂದರೆ ಪಂಪು ಮೂರು ತುಂಡು. ಹೊಸ ಆಳಿಗೆ ಯಾರೂ ಹೇಳಿರಲಿಲ್ಲವಂತೆ. ಮುಂಗಡ ವಾಪಸು ಕೊಟ್ಟರು, ಚಹಾ ತರಿಸಿದರು, ಕ್ಷಮಿಸಿ ಎಂದರು. ಹಿತ್ತಾಳೆಯ ಫಲಕ ಮಾತ್ರ ಹೇಗೋ ಉಳಿದಿತ್ತು, ಒಂದು ಮೂಲೆ ಸುಟ್ಟು ನೀಲಿಯಾಗಿತ್ತು. ಅದನ್ನು ತಂದಿದ್ದೇನೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ನಿಮಗೆ ಏನಾದರೂ ಇಷ್ಟವಾದರೆ ಆ ದಿನವೇ ಆಟೊ ಕರೆಯಿರಿ, ಮುಂಗಡವನ್ನು ನಂಬಬೇಡಿ.

ರೈಲಿನ ಸಾಮಾನಿನ ಬಗ್ಗೆ ಒಂದು ಮಾತು. ಮೀಟರ್ ಗೇಜ್ ಕಾಲದಲ್ಲಿ ನಮ್ಮ ನಿಲ್ದಾಣದ ಮೂಲಕ ಹೋಗುತ್ತಿದ್ದ ಹೊಗೆಬಂಡಿಗಳನ್ನು ಕಂಡವರು ಇನ್ನೂ ಇದ್ದಾರೆ. ಭಾರತದ ಮೀಟರ್ ಗೇಜ್ ಹಳಿಯ ವೈಪಿ ಎಂಬ ಮಾದರಿಯ ಉಗಿ ಎಂಜಿನ್‌ಗಳಲ್ಲಿ ಒಂದಷ್ಟು ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಲೋಕೊಮೋಟಿವ್ ಕಂಪನಿಯವು. ಮೂರು ಕಂಪನಿಗಳು ಕೂಡಿ 1903ರಲ್ಲಿ ಆದ ಈ ಕಂಪನಿ 1962ರಲ್ಲಿ ಮುಚ್ಚಿತು. ಅವರ ಕ್ವೀನ್ಸ್ ಪಾರ್ಕ್ ಕಾರ್ಖಾನೆಯ ಫಲಕ ವಜ್ರದ ಆಕಾರದ್ದು. ಅಂಥದ್ದೊಂದು ಫಲಕ ತಮ್ಮ ತಂದೆಯ ಕಾಲದಲ್ಲಿ ಬಂದಿತ್ತು, ಹಿತ್ತಾಳೆಯ ದರಕ್ಕೆ ಕರಗಿಸಲು ಕೊಟ್ಟೆವು ಎಂದು ಯಜಮಾನರು ನೆಲದ ಮೇಲೆ ಬೆರಳಿನಿಂದ ಅದರ ಆಕಾರ ಬರೆದು ತೋರಿಸಿದರು. ಈಗ ಅವರು ರೈಲ್ವೆಯ ಯಾವುದನ್ನೂ ಮುಟ್ಟುವುದಿಲ್ಲ. ಅದು ಸರಿಯೇ. ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಂಡರೆ 1966ರ ಕಾಯ್ದೆಯಡಿ ಜೈಲು. ಹರಾಜಿನ ಕಾಗದವಿಲ್ಲದೆ ಯಾರಾದರೂ ಅಂಥ ಫಲಕ ತೋರಿಸಿದರೆ, ಎಷ್ಟೇ ಆಸೆಯಾದರೂ ಕೈ ಹಿಂದಕ್ಕೆ ಕಟ್ಟಿಕೊಳ್ಳಿ.

ಹೋಗುವವರು ದಪ್ಪ ಕೈಗವಸು, ಟಾರ್ಚು, ಹಳೆಯ ಚಪ್ಪಲಿಯ ಬದಲು ಬೂಟು ಹಾಕಿಕೊಂಡು ಹೋಗಿ. ಧನುರ್ವಾಯುವಿನ ಚುಚ್ಚುಮದ್ದು ತೆಗೆದುಕೊಂಡು ಎಷ್ಟು ವರ್ಷವಾಯಿತು ಎಂದು ನೆನಪು ಮಾಡಿಕೊಳ್ಳಿ. ಒಳಕೊಠಡಿಯಲ್ಲಿ ಒಂದೇ ಬಲ್ಬು, ಅದೂ ಕರೆಂಟ್ ಇದ್ದರೆ. ಬಿಲ್ಲು ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಇಲ್ಲ. ಚೌಕಾಸಿ ನಡೆಯುತ್ತದೆ, ಆದರೆ ಮೊದಲ ಚಹಾ ಮುಗಿಯುವ ಮೊದಲು ಬೆಲೆ ಎತ್ತಬೇಡಿ.

ಕೊನೆಯ ದೂರು ನನ್ನ ಮೇಲೆ ನಾನೇ ಹೇಳಿಕೊಳ್ಳಬೇಕಾದದ್ದು. ಈ ಆರು ವರ್ಷ ಹಿತ್ತಿಲಿನಲ್ಲಿ ನಾನು ಸೀಮೆಸುಣ್ಣ ಉಜ್ಜುವುದನ್ನು ಯಜಮಾನರು ಸುಮ್ಮನೆ ನೋಡುತ್ತಿದ್ದರು. ನಾನು ಯಾವುದರ ಮುಂದೆ ಹೆಚ್ಚು ಹೊತ್ತು ಕೂರುತ್ತೇನೆ, ಯಾವುದರ ಬೆಲೆ ಕೇಳುವಾಗ ಧ್ವನಿ ತಗ್ಗಿಸುತ್ತೇನೆ, ಎಲ್ಲವೂ ಅವರಿಗೆ ಲೆಕ್ಕ ಸಿಕ್ಕಿದೆ. ಕಳೆದ ತಿಂಗಳು ಹೋದಾಗ ಹಿತ್ತಿಲಿನ ಬಾಗಿಲ ಹತ್ತಿರ ಸೀಮೆಸುಣ್ಣದ ಹೊಸ ಪೆಟ್ಟಿಗೆ ಇತ್ತು. ಒಳಗಿನ ಕಬ್ಬಿಣವೆಲ್ಲ ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನ ವಾಲ್ವಿನ ಮೇಲ್ಭಾಗ, ಅದೇ ಹರಿಹರದ ಮಾಲಿನ ಜೊತೆ ಬಂದು ಎಲ್ಲೋ ಹುದುಗಿದ್ದದ್ದು, ಒರೆಸಿ ಎದುರಿಗೆ ಇಟ್ಟಿದ್ದರು. ಅದರ ಮೇಲೂ ಅದೇ ಹೆಸರು, ಅದೇ ಊರು.

‘ಎಷ್ಟು ಯಜಮಾನರೇ?’

‘ತೂಕಕ್ಕೆ ಎಂದಿನ ದರ. ಬರಹ ಇರುವ ಮಾಲಿಗೆ ಮೇಲೆ ಅಕ್ಷರಕ್ಕೆ ಹತ್ತು ರೂಪಾಯಿ, ಮೇಷ್ಟ್ರೇ.’

ಇಬ್ಬರೂ ಕೂತು ಎಣಿಸಿದೆವು. ಲಿಮಿಟೆಡ್ ಎಂಬುದಕ್ಕೆ ಎರಕದಲ್ಲಿ LTD ಎಂದು ಮೂರೇ ಅಕ್ಷರ, ಹಾಗಾಗಿ ಇಂಗ್ಲಿಷಿನಲ್ಲಿ ನನ್ನ ಲೆಕ್ಕಕ್ಕೆ 29 ಬಂತು, ಅವರ ಲೆಕ್ಕಕ್ಕೆ 30. ಅಂಡ್ ಎಂಬುದಕ್ಕೆ ಹಾಕಿದ ಆ ಸುರುಳಿ ಗುರುತು ಅಕ್ಷರವಲ್ಲ ಎಂದು ನಾನು. ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಬೀಡು ಹಿಡಿದಿದೆ, ನೋಡಿ ಎಂದು ಅವರು. ಹತ್ತು ರೂಪಾಯಿಯ ಈ ವ್ಯಾಜ್ಯ ಇನ್ನೂ ಮುಗಿದಿಲ್ಲ. ವಾಲ್ವಿನ ತಲೆ ಅಲ್ಲಿಯೇ ಇದೆ, ಒಡಲು ನನ್ನ ಮನೆಯ ತುಳಸಿಕಟ್ಟೆಯ ಪಕ್ಕದಲ್ಲಿದೆ.